ಯುವಿ ಟಾರ್ಚ್ ಬಿಟ್ಟರೆ ಕಾಗದವೆಲ್ಲ ನೇರಳೆ: ಸರಿಹೋದದ್ದು ಹೀಗೆ

ದಾಖಲೆ ಅಸಲಿಯೋ ನಕಲಿಯೋ ಎಂದು ನೋಡಲು ಯುವಿ (ಅತಿನೇರಳೆ) ಟಾರ್ಚ್ ಬಿಟ್ಟರೆ ಕಾಗದವೆಲ್ಲ ನೇರಳೆಯಾಗಿ, ನಕಲು ತಡೆಯಲು ಕಾಗದದಲ್ಲೇ ಸೇರಿಸಿರುವ ಭದ್ರತಾ ಎಳೆಗಳು ಕಾಣುತ್ತಿರಲಿಲ್ಲ. ತೊಂದರೆ ಇದ್ದದ್ದು ಟಾರ್ಚಿನಲ್ಲೇ. ಅಗ್ಗದ ಯುವಿ ಟಾರ್ಚುಗಳು ಹೆಚ್ಚಾಗಿ 395 ನ್ಯಾನೊಮೀಟರ್ ತರಂಗಾಂತರದವು. ಅವುಗಳಿಂದ ಕಣ್ಣಿಗೆ ಕಾಣುವ ನೇರಳೆ ಬೆಳಕೂ ಧಾರಾಳವಾಗಿ ಬರುತ್ತದೆ. ಅದು ಕಾಗದದ ಮೇಲೆ ಹರಡಿ ಭದ್ರತಾ ಎಳೆಗಳ ಮಂದ ಹೊಳಪನ್ನು ಮುಚ್ಚಿಬಿಡುತ್ತದೆ. 365 ನ್ಯಾನೊಮೀಟರಿನ, ಮುಂದೆ ಕಪ್ಪು ಫಿಲ್ಟರ್ ಗಾಜಿರುವ ಟಾರ್ಚ್ ಹಿಡಿದ ಕೂಡಲೇ ಎಳೆಗಳು ಬಣ್ಣಬಣ್ಣವಾಗಿ ಬೇರ್ಪಟ್ಟು ಕಂಡವು.

ಕೋಣೆ ಕತ್ತಲಾಗಿರಲಿ. ದಾಖಲೆಯನ್ನು ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು, ಹೊಳೆಯದ ಕಪ್ಪು ಹಾಳೆಯ ಮೇಲಿಟ್ಟು, 10–15 ಸೆಂಟಿಮೀಟರ್ ದೂರದಿಂದ ಓರೆಯಾಗಿ ಬೆಳಕು ಬಿಡಿ.

ಕಂಡದ್ದನ್ನು ಅರ್ಥಮಾಡಿಕೊಳ್ಳುವುದೇ ಕಷ್ಟದ ಭಾಗ. ಸಾಮಾನ್ಯ ಪ್ರಿಂಟರ್ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸಿರುತ್ತಾರೆ. ಅದು ಇಡಿಯಾಗಿ ನೀಲಿ-ಬಿಳಿ ಹೊಳೆಯುತ್ತದೆ. ಭದ್ರತಾ ಕಾಗದ ಮಂಕಾಗಿಯೇ ಉಳಿದು, ಎಳೆಗಳೂ ಅಗೋಚರ ಶಾಯಿಯೂ ಮಾತ್ರ ಬೆಳಗುತ್ತವೆ. ಆದರೆ ಅಸಲಿ ಕಾಗದ ಬಟ್ಟೆಯ ಜೇಬಿನಲ್ಲಿ ಸೇರಿ ಒಗೆತಕ್ಕೆ ಹೋಗಿದ್ದರೆ ಸೋಪಿನ ಪುಡಿಯಲ್ಲಿರುವ ಅಂಥದೇ ರಾಸಾಯನಿಕ ಅಂಟಿ, ಅದೂ ಹೊಳೆಯಬಹುದು. ಹೊಳಪೊಂದನ್ನೇ ನೋಡಿ ನಕಲಿ ಎನ್ನುವುದು ಅನ್ಯಾಯ. ಇದನ್ನು ಒತ್ತಿ ಹೇಳಲೇಬೇಕು. ಹೆಸರು, ಅಂಕಿ, ದಿನಾಂಕದ ಸುತ್ತ ಮಾತ್ರ ಅಂಚಿರುವ ಕಲೆ ಕಂಡರೆ ರಾಸಾಯನಿಕದಿಂದ ಅಳಿಸಿರುವ ಅನುಮಾನ ಬಲವಾಗುತ್ತದೆ. ಒಂದೇ ಸಾಲಿನಲ್ಲಿ ಒಂದು ಅಂಕಿಯ ಶಾಯಿ ಬೇರೆ ಥರ ಕಂಡರೆ ಆಮೇಲೆ ತಿದ್ದಿರಬಹುದು. ಪಕ್ಕದಲ್ಲಿ ಅದೇ ಬಗೆಯ, ಅದೇ ಕಾಲದ ಖಚಿತ ಅಸಲಿ ಪ್ರತಿ ಇದ್ದರೆ ಹೋಲಿಕೆ ಸುಲಭ.

ಫಿಲ್ಟರ್ ಇರುವ ಟಾರ್ಚ್ ಮಂಕಾಗಿ ಕಂಡರೂ ಕಿರಣ ತೀಕ್ಷ್ಣ. ನೇರವಾಗಿ ನೋಡಬೇಡಿ, ಯುವಿ ತಡೆಯುವ ಕನ್ನಡಕ ಹಾಕಿಕೊಳ್ಳಿ.