ಗುಳ್ಳೆ ಬಿಡದೆ ನೀರು ಹುಳಿ ಮಾಡುವುದು: ದೋನಾ ಪಾವ್ಲಾದ ಪ್ಲಾಂಕ್ಟನ್ ಜಾರ್‌ಗಳು

ಇಂಗಾಲದ ಡೈಆಕ್ಸೈಡ್ ಕರಗಿ ಸಮುದ್ರ ಹುಳಿಯಾದರೆ, ಜೊತೆಗೆ ಬಿಸಿಯೂ ಆದರೆ ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳು, ಅಂದರೆ ಪ್ಲಾಂಕ್ಟನ್, ಏನಾಗುತ್ತವೆ ಎಂದು ಗೋವಾದ ದೋನಾ ಪಾವ್ಲಾದಲ್ಲಿ ಜಾರ್‌ಗಳಲ್ಲಿ ನೋಡಿದ ಪ್ರಯೋಗ ಇದು. ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಜಾರ್‌ನಲ್ಲಿ ಆಮ್ಲೀಕರಣ, ತಾಪ ಎರಡನ್ನೂ ಒಟ್ಟಿಗೆ ಹಿಡಿದಿಡಲು ಆಗುವುದಿಲ್ಲ, ಲಕ್ಷಗಟ್ಟಲೆ ಖರ್ಚಿನ ಕಂಟ್ರೋಲರ್ ಬೇಕೇ ಬೇಕು ಎಂದು ಹೇಳಿದವರು ಬಹಳ ಜನ. ಆದರೆ ಆಗುತ್ತದೆ. ಪಿಎಚ್ ಮೀಟರ್, ಸ್ಪೆಕ್ಟ್ರೋಫೋಟೋಮೀಟರ್ (ಬಣ್ಣದ ಸಾಂದ್ರತೆ ಅಳೆಯುವ ಯಂತ್ರ) ಬಿಟ್ಟರೆ ನಮಗೆ ಒಟ್ಟು ಖರ್ಚಾದದ್ದು ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ಡಿಪಾಸಿಟ್ ಮತ್ತು ರೆಗ್ಯುಲೇಟರ್‌ದು. ಜಾರ್‌ಗಳು ವಾಸ್ಕೋದಲ್ಲಿ ನಮ್ಮ ಕಡೆಯವರ ಅಂಗಡಿಯಿಂದ ಬಂದ ಹಳೆಯವು. ಪಾಲಿಕಾರ್ಬೊನೇಟ್ ಹೌದೋ ಅಲ್ಲವೋ ತಳದ ಗುರುತು ನೋಡಿಯೇ ತಗೊಳ್ಳಿ.

ಸಿಲಿಂಡರಿನಿಂದ ನೇರ ಗುಳ್ಳೆ ಬಿಡುವುದು ನಮ್ಮ ಕರಾವಳಿಯ ನೀರಿಗೆ ಒಗ್ಗುವುದಿಲ್ಲ. ಸ್ಕೆಲೆಟೊನೀಮಾ, ಕೀಟೊಸೆರೋಸ್‌ನಂಥ ಸರಪಳಿ ಡಯಾಟಮ್‌ಗಳು (ಗಾಜಿನಂಥ ಕವಚದ ಸೂಕ್ಷ್ಮ ಪಾಚಿಗಳು) ಗುಳ್ಳೆಯ ಹೊಡೆತಕ್ಕೆ ತುಂಡಾಗುತ್ತವೆ, ನೊರೆಗೆ ಅಂಟಿ ಜಾರ್‌ನ ಕುತ್ತಿಗೆ ಹತ್ತಿ ಒಣಗುತ್ತವೆ. ಆಮೇಲೆ ‘ಆಮ್ಲದಿಂದ ಡಯಾಟಮ್ ಇಳಿಯಿತು’ ಎಂದು ಬರೆದರೆ ಅದು ಗುಳ್ಳೆಯ ಫಲಿತಾಂಶ, ಆಮ್ಲದ್ದಲ್ಲ. ಹೈಡ್ರೊಕ್ಲೋರಿಕ್ ಆಮ್ಲ ಹಾಕಿದರೆ ಆಲ್ಕಲಿನಿಟಿಯೇ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಕುಸಿಯುತ್ತದೆ. ಸಮುದ್ರದಲ್ಲಿ ನಡೆಯುತ್ತಿರುವುದು ಅದಲ್ಲ.

ನಮ್ಮ ದಾರಿ ಇದು: ಅದೇ ಸಮುದ್ರದ ನೀರನ್ನು 0.2 ಮೈಕ್ರಾನ್‌ನಲ್ಲಿ ಸೋಸಿ, ಬಾಟಲಿಯನ್ನು ಮಂಜುಗಡ್ಡೆಯಲ್ಲಿಟ್ಟು, ಶುದ್ಧ ಇಂಗಾಲದ ಡೈಆಕ್ಸೈಡನ್ನು ಏರ್‌ಸ್ಟೋನ್‌ನಿಂದ ಸುಮಾರು ಒಂದು ಗಂಟೆ ಹಾಯಿಸುವುದು. ಹೀಗೆ ತಯಾರಾದ ಉಪ್ಪು ಸೋಡಾವನ್ನು ಜಾರ್‌ಗೆ ಸೇರಿಸುವುದು, ಅಷ್ಟೇ. ಜರ್ಮನಿಯ ಕೀಲ್‌ನಲ್ಲಿರುವ ಗಿಯೋಮಾರ್ ಸಮುದ್ರ ಸಂಶೋಧನಾ ಕೇಂದ್ರದವರು ಕೋಸ್ಮೊಸ್ ಎಂಬ, ಸಮುದ್ರದಲ್ಲೇ ತೇಲಿಬಿಡುವ ದೊಡ್ಡ ಚೀಲಗಳಲ್ಲಿ ಮಾಡುವುದೂ ಇದನ್ನೇ. ಅವರಿಗೆ ಹಡಗು, ಇಲ್ಲಿ ಸಿರಿಂಜ್. ಇಪ್ಪತ್ತು ಲೀಟರಿನಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡವನ್ನು 400ರಿಂದ 1000 ಮೈಕ್ರೋ ಅಟ್ಮಾಸ್ಫಿಯರ್‌ಗೆ ಏರಿಸಲು ತಣ್ಣನೆಯ ಸೋಡಾ 60–65 ಮಿಲಿ ಸಾಕು. ಕೋಣೆಯ ತಾಪದಲ್ಲಿ ಮಾಡಿದ್ದಾದರೆ ಅದರ ಎರಡರಷ್ಟು. ಪಿಎಚ್ 8.05ರ ಹತ್ತಿರದಿಂದ 7.7ರ ಹತ್ತಿರಕ್ಕೆ ಬರುತ್ತದೆ. ಉದ್ದನೆಯ ಟ್ಯೂಬ್ ಹಾಕಿ ತಳದಲ್ಲಿ ನಿಧಾನ ಬಿಡಬೇಕು. ಮೇಲಿಂದ ಸುರಿದರೆ ಒಳ್ಳೆಯ ಪಾಲು ಗಾಳಿಪಾಲು. ಮೊದಲ ದಿನ ಅರ್ಧ, ಮರುದಿನ ಅರ್ಧ. ಸೋಡಾ ಹಾಕದೆ ಹೋಲಿಕೆಗೆ ಇಟ್ಟ ಕಂಟ್ರೋಲ್ ಜಾರ್‌ಗೂ ಅಷ್ಟೇ ಅಳತೆಯ ಬರೀ ಸೋಸಿದ ನೀರು ಹೋಗಲೇಬೇಕು.

ಅನಿಲದ ಲೈನಿಗೆ ಸಿಲಿಕೋನ್ ಟ್ಯೂಬ್ ಬೇಡ, ಗೋಡೆಯಲ್ಲೇ ಅನಿಲ ಸೋರುತ್ತದೆ; ಪಾಲಿಯುರೆಥೇನ್ ಹಾಕಿ. ನೀರಿಗೆ ಸಿಲಿಕೋನ್ ಒಳ್ಳೆಯದು. ಕಪ್ಪು ರಬ್ಬರ್ ಮಾತ್ರ ಎಲ್ಲಿಯೂ ಬೇಡ, ಪ್ಲಾಂಕ್ಟನ್‌ಗೆ ವಿಷ. ನಾನ್‌ರಿಟರ್ನ್ ವಾಲ್ವ್ ಮರೆತರೆ ಸಿಲಿಂಡರ್ ಬಂದ್ ಮಾಡಿದ ಕೂಡಲೇ ಉಪ್ಪುನೀರು ಹಿಂದಕ್ಕೆ ಎಳೆದು ರೆಗ್ಯುಲೇಟರ್‌ಗೆ ಹೋಗುತ್ತದೆ, ಮೂರು ಸಾವಿರ ರೂಪಾಯಿ ನೀರುಪಾಲು.

ಬಿಸಿ: ಹೀಟರ್ ಜಾರ್‌ನೊಳಗಲ್ಲ, ಟಬ್‌ನಲ್ಲಿ. ನೂರು ಲೀಟರಿನ ಆರು ಟಬ್. ಮೂರಕ್ಕೆ ಹೀಟರ್, ಮೂರಕ್ಕೆ ಇಲ್ಲ. ಒಂದೊಂದರಲ್ಲೂ ಒಂದು ಸೋಡಾ ಜಾರ್, ಒಂದು ಕಂಟ್ರೋಲ್. ಎಲ್ಲ ಬಿಸಿ ಜಾರ್‌ಗಳನ್ನೂ ಒಂದೇ ಟಬ್‌ನಲ್ಲಿಟ್ಟರೆ ಪೇಪರ್ ಕಳಿಸಿದಾಗ ವಿಮರ್ಶಕರು ಕುತ್ತಿಗೆ ಹಿಡಿಯುತ್ತಾರೆ, ಸರಿಯಾಗಿಯೇ. ಅಕ್ವೇರಿಯಂ ಹೀಟರಿನ ಡಯಲ್ ನಂಬಬೇಡಿ, ಒಂದು ಡಿಗ್ರಿ ಆಚೀಚೆ ಸಾಮಾನ್ಯ. ಎಸ್‌ಟಿಸಿ-1000 ಥರದ ಹೊರಗಿನ ಕಂಟ್ರೋಲರ್ ಹಾಕಿ, ಸೆನ್ಸರನ್ನು ಜಾರ್‌ಗೆ ತಾಗಿಸಿ. ಬಿಸಿ ಮಾಡದ ಟಬ್ 29 ಡಿಗ್ರಿ ಇದ್ದರೆ ಬಿಸಿಯದನ್ನು 32ಕ್ಕೆ ಇಡಿ. ಮೂರು ಡಿಗ್ರಿ ಏರಿದರೆ ಮುಚ್ಚಿದ ಜಾರ್‌ನಲ್ಲಿ ಅನಿಲದ ಒತ್ತಡ ತಾನೇ ಸುಮಾರು 13 ಪ್ರತಿಶತ ಏರುತ್ತದೆ, ಪಿಎಚ್ 0.045 ಇಳಿಯುತ್ತದೆ, ಇದನ್ನು ಲೆಕ್ಕಕ್ಕೆ ಹಿಡಿಯದೆ ಡೋಸ್ ಹಾಕಬೇಡಿ. ಏಪ್ರಿಲ್ ಮಧ್ಯಾಹ್ನ ನೆರಳಿಗೆ ಕಪ್ಪು ಬಲೆಯೇ ಬೇಕು. ಹಸಿರು ಬಲೆ ಬೆಳಕಿನ ಬಣ್ಣವನ್ನೇ ಬದಲಿಸುತ್ತದೆ.

ನೀರು ತುಂಬುವಾಗ 200 ಮೈಕ್ರಾನ್ ಬಲೆಯಲ್ಲಿ ಸೋಸಿ. ಒಂದು ಜಾರ್‌ಗೆ ಕೊಪೆಪಾಡ್ (ಪಾಚಿ ತಿನ್ನುವ ಸಣ್ಣ ಸಿಗಡಿಯಂಥ ಜೀವಿ) ಹೆಚ್ಚು ಬಿದ್ದರೂ ಮೂರು ಜಾರ್‌ಗಳ ಹೋಲಿಕೆ ಹಾಳು. ಪಿಎಚ್‌ಗೆ ಮೀಟರ್ ಸರಿಹೊಂದಿಸುವ ಮಾಮೂಲಿ ಬಫರ್ ದ್ರಾವಣ ಉಪ್ಪುನೀರಿನಲ್ಲಿ ದಾರಿ ತಪ್ಪಿಸುತ್ತದೆ. ಟ್ರಿಸ್ ಬಫರ್ ಬಳಸಿ, ಅಥವಾ ಎಂ-ಕ್ರೆಸಾಲ್ ಪರ್ಪಲ್ ಎಂಬ ಬಣ್ಣ ಹಾಕಿ ಸ್ಪೆಕ್ಟ್ರೋದಲ್ಲಿ 434 ಮತ್ತು 578 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯಿರಿ. ಬೆಳಕು ಬರುವ ಮೊದಲೇ ಪಿಎಚ್ ಓದಬೇಕು: ಹಗಲಲ್ಲಿ ಪ್ಲಾಂಕ್ಟನ್‌ಗಳೇ ಅನಿಲ ತಿಂದು ಪಿಎಚ್ ಏರಿಸುತ್ತವೆ. ಅನಿಲ ಇಳಿದಷ್ಟನ್ನು ಆಗಲೇ ಸೋಡಾದಿಂದ ತುಂಬಿ. ಸ್ಯಾಂಪಲ್ ತೆಗೆದಂತೆ ಜಾರ್‌ನ ಮೇಲೆ ಗಾಳಿ ಕೂರುತ್ತದೆ, ಅನಿಲ ಅಲ್ಲಿಗೆ ಓಡುತ್ತದೆ. ಅದನ್ನು ತಡೆಯುವ ಉಪಾಯ ಸದ್ಯ ನಮ್ಮಲ್ಲೇ ಇರಲಿ; ಅಡುಗೆಮನೆಯ ಸಾಮಾನೇ, ಯೋಚಿಸಿದರೆ ಹೊಳೆಯುತ್ತದೆ.

ಎಣಿಕೆಗೆ ತೆಗೆದ ಸ್ಯಾಂಪಲ್ ಕೆಡದಿರಲೆಂದು ಆಸಿಡ್ ಲೂಗಾಲ್ (ಅಯೋಡಿನ್ ದ್ರಾವಣ) ಹಾಕಿದರೆ ಕೊಕೊಲಿತೊಫೋರ್ ಎಂಬ ಪಾಚಿಯ ಸುಣ್ಣದ ಫಲಕ ಕರಗಿ ಹೋಗುತ್ತದೆ. ಆಮ್ಲೀಕರಣದ ಪ್ರಯೋಗದಲ್ಲಿ ಇದಕ್ಕಿಂತ ದೊಡ್ಡ ತಮಾಷೆ ಇಲ್ಲ. ಆಮ್ಲ ತಗ್ಗಿಸಲು ಹೆಕ್ಸಮಿನ್ ಬೆರೆಸಿದ ಫಾರ್ಮಲಿನ್‌ನ ಇನ್ನೊಂದು ಬಾಟಲಿ ಜೊತೆಗಿರಲಿ.

ಕಂಡಿದ್ದು: ಬಿಸಿ ಜಾರ್‌ಗಳಲ್ಲಿ ಡಯಾಟಮ್ ಬೇಗ ಏರಿ, ನೈಟ್ರೇಟ್ ಮುಗಿದು ಬೇಗ ಕುಸಿಯಿತು, ಆಮೇಲೆ ಬಾಲ ಬೀಸಿ ಈಜುವ ಸಣ್ಣ ಫ್ಲಾಜೆಲೇಟ್‌ಗಳದೇ ರಾಜ್ಯ. ಆಮ್ಲ ಒಂದೇ ಇದ್ದಲ್ಲಿ ವ್ಯತ್ಯಾಸ ಮಂದ. ನಮ್ಮ ನೀರಿಗೆ ತಾಪವೇ ಮೊದಲ ಹೊಡೆತ ಎಂಬುದು ನನ್ನ ಅಂದಾಜು. ಪಕ್ಕದಲ್ಲಿ ಟ್ರೈಕೋಡೆಸ್ಮಿಯಂ ಎಂಬ ನೀಲಿಹಸಿರು ಪಾಚಿಯ ಮೇಲೂ ಕೈಯಾಡಿಸಿದ್ದಾಯಿತು, ಬೇಸಿಗೆಯ ನೀರಿನಲ್ಲಿ ಹೇಗೂ ತೇಲಿ ಬರುತ್ತದೆ. ಆದರೆ ಅದು ಮೇಲೆ ಕೆನೆಗಟ್ಟಿ ಪ್ರತಿ ಸ್ಯಾಂಪಲ್‌ನಲ್ಲೂ ಬೇರೆಯೇ ಅಂಕಿ ಕೊಡುತ್ತದೆ, ಜಾರ್‌ಗೆ ಹೇಳಿಮಾಡಿಸಿದ್ದಲ್ಲ.

ಮಳೆಗಾಲದಲ್ಲಿ ಇದೇ ಡೋಸ್ ನಡೆಯದು. ಜುವಾರಿ ನದಿ ಸಮುದ್ರ ಸೇರುವ ಬಾಯಲ್ಲಿ ಉಪ್ಪಿನಂಶ ಇಳಿದರೆ ಆಲ್ಕಲಿನಿಟಿಯೂ ಇಳಿದು, ಅಷ್ಟೇ ಸೋಡಾಕ್ಕೆ ಪಿಎಚ್ ತೀರಾ ಕೆಳಗೆ ಹೋಗುತ್ತದೆ. ಆಗ ಒಂದು ಲೀಟರಿಗೆ ಮಿಲಿ ಮಿಲಿಯಾಗಿ ಹಾಕಿ ನೋಡಿ, ಆಮೇಲೆ ಇಪ್ಪತ್ತರಿಂದ ಗುಣಿಸಿ.