ಜೀವಕೋಶದ ಕಸ ಎಲ್ಲಿ ಕಟ್ಟಿಕೊಳ್ಳುತ್ತದೆ: ನನ್ನ ಅನುಭವ

ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ನಾನು ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾಗಳನ್ನು ಬೆಳೆಸಿ, ಪ್ರೋಗ್ರಾನ್ಯುಲಿನ್ ಎಂಬ ಪ್ರೋಟೀನು ಕಡಿಮೆಯಾದಾಗ ಅವುಗಳಲ್ಲಿ ಏನಾಗುತ್ತದೆ ಎಂಬುದನ್ನು ಅಭ್ಯಸಿಸುತ್ತಿದ್ದೇನೆ. ಇದನ್ನೇ ಆರಿಸಿಕೊಳ್ಳಲು ಬಲವಾದ ಕಾರಣವಿದೆ. ಇದರ ಜೀನಿನ ಒಂದು ಪ್ರತಿ ಕೆಟ್ಟರೆ ಫ್ರಂಟೋಟೆಂಪೊರಲ್ ಡಿಮೆನ್ಶಿಯಾ (ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳು ಸವೆದು ನಡವಳಿಕೆ, ಮಾತು ಕೆಡುವ ಕಾಯಿಲೆ) ಬರಬಹುದೆಂದು 2006ರಲ್ಲಿ ತಿಳಿಯಿತು. ಎರಡೂ ಪ್ರತಿಗಳು ಕೆಟ್ಟರೆ, ಕೋಶದ ಕಸವನ್ನು ಕರಗಿಸುವ ಲೈಸೋಸೋಮ್‌ನದೇ ರೋಗ ಬರುತ್ತದೆಂದು 2012ರಲ್ಲಿ ಗೊತ್ತಾಯಿತು.

ಕೋಶವು ಕಸವನ್ನು ಚೀಲಗಳಲ್ಲಿ ಸುತ್ತಿ ಲೈಸೋಸೋಮ್‌ಗೆ ಒಯ್ಯುವ ಕಸವಿಲೇವಾರಿಯನ್ನು, ಅಂದರೆ ಆಟೋಫೇಜಿಯನ್ನು, ಅಳೆಯಲು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಪಟ್ಟಿಗಳಾಗಿ ತೋರಿಸುವ ವಿಧಾನ) ಎಲ್‌ಸಿ3 ಪ್ರೋಟೀನನ್ನು ನೋಡುತ್ತೇವೆ. ಸುಮಾರು 16 ಮತ್ತು 14 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಮಟ್ಟದಲ್ಲಿ ಎರಡು ಪಟ್ಟಿಗಳು ಮೂಡುತ್ತವೆ. ಕೆಳಗಿನದು ಕೊಬ್ಬಿನ ಅಣು ಅಂಟಿಕೊಂಡು ಕಸದ ಚೀಲದ ಪೊರೆಗೆ ಸೇರುವ ರೂಪ. ತೂಕದಲ್ಲಿ ಹೆಚ್ಚಿದ್ದರೂ ಜೆಲ್‌ನಲ್ಲಿ ಅದೇ ಬೇಗ ಕೆಳಗಿಳಿಯುತ್ತದೆ. ಈ ಪಟ್ಟಿ ದಪ್ಪವಾದರೆ ಕಸದ ಚೀಲಗಳು ಹೆಚ್ಚು ತಯಾರಾಗುತ್ತಿರಬಹುದು, ಇಲ್ಲವೇ ತಯಾರಾದವು ಕರಗದೆ ಉಳಿದಿರಬಹುದು. ಆದ್ದರಿಂದ ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಿ, ಒಂದಕ್ಕೆ ಲೈಸೋಸೋಮ್‌ನ ಆಮ್ಲೀಯತೆಯನ್ನು ತಡೆಯುವ ಬ್ಯಾಫಿಲೊಮೈಸಿನ್ ಅನ್ನು ಕೆಲವು ಗಂಟೆ ಕೊಡುತ್ತೇನೆ. ಕೊಟ್ಟ ಮೇಲೂ ಪಟ್ಟಿ ಹೆಚ್ಚದಿದ್ದರೆ ದಾರಿ ಮೊದಲೇ ಕಟ್ಟಿರುವ ಸಾಧ್ಯತೆಯಿದೆ. ಈ ಜೋಡಿ ಇಲ್ಲದ ಬ್ಲಾಟ್‌ನಿಂದ ನಾನು ಯಾವ ತೀರ್ಮಾನಕ್ಕೂ ಬರುವುದಿಲ್ಲ.

ಉರಿಯೂತದ ಅಳತೆ ಇನ್ನೂ ಸೂಕ್ಷ್ಮವಾದುದು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಹಾನಿಗೊಂಡು ವಿಲೇವಾರಿಯಾಗದೆ ಉಳಿದರೆ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನು ಎಚ್ಚೆತ್ತು, ಅದರ ಫಲವಾಗಿ ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-1 ಬೀಟಾ ಹೊರಬೀಳುತ್ತದೆ. ಅದನ್ನು ಎಲೈಸಾ ಎಂಬ ಪ್ರತಿಕಾಯ ಆಧಾರಿತ ಪರೀಕ್ಷೆಯಲ್ಲಿ ಅಳೆಯುತ್ತೇವೆ. ಆದರೆ ಮೈಕ್ರೋಗ್ಲಿಯಾಗಳ ಸ್ವಭಾವವೇ ಸೋಂಕನ್ನು ಗುರುತಿಸುವುದು. ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಎಲ್ಲೆಡೆ ಹಬ್ಬುವುದರಿಂದ, ಇನ್‌ಕ್ಯುಬೇಟರಿನ ನೀರಿನ ಟ್ರೇಯನ್ನು ಪದೇಪದೇ ಬದಲಾಯಿಸುತ್ತೇನೆ. ಎಂಡೋಟಾಕ್ಸಿನ್ (ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯ ವಿಷವಸ್ತು) ಪರೀಕ್ಷೆಯಾಗದ ಪೋಷಕ ದ್ರವವನ್ನು ಕೋಶ ಬೆಳೆಸಲು ಬಳಸುವುದಿಲ್ಲ. ಹೊರಗಿನ ಸೋಂಕು ಎಬ್ಬಿಸಿದ ಉರಿಯೂತವನ್ನು ಪ್ರೋಗ್ರಾನ್ಯುಲಿನ್ ಕೊರತೆಯ ಲೆಕ್ಕಕ್ಕೆ ಬರೆದುಬಿಟ್ಟರೆ ಇಡೀ ಪ್ರಯೋಗ ವ್ಯರ್ಥ.

ಯೀಸ್ಟ್‌ನಲ್ಲಿ ಆಟೋಫೇಜಿಯ ಜೀನುಗಳನ್ನು ಗುರುತಿಸಿದ ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದ ಮೇಲೆ, ಏಕಾದಶಿ ಉಪವಾಸ ಮಾಡುವ ಉಡುಪಿಯ ಹಿರಿಯರು ಕೆಲವರು, ಇದರಿಂದ ಮರೆವಿನ ಕಾಯಿಲೆಯನ್ನು ತಡೆಯಬಹುದೇ ಎಂದು ನನ್ನನ್ನು ಕೇಳಿದ್ದಾರೆ. ಆಹಾರವಿಲ್ಲದಾಗ ಕೋಶಗಳು ಆಟೋಫೇಜಿಯನ್ನು ಹೆಚ್ಚಿಸುವುದು ನಿಜ. ಆದರೆ ಉಪವಾಸದಿಂದ ಡಿಮೆನ್ಶಿಯಾ ತಡೆಯಬಹುದೆಂಬುದು ಮನುಷ್ಯರಲ್ಲಿ ಸಾಬೀತಾಗಿಲ್ಲ ಎಂದೇ ಅವರಿಗೆ ಹೇಳುತ್ತೇನೆ. ಜೊತೆಗೆ, ಲೈಸೋಸೋಮ್‌ನಲ್ಲೇ ತಡೆ ಇರುವ ಕೋಶದಲ್ಲಿ ಚೀಲಗಳ ತಯಾರಿಯನ್ನಷ್ಟೇ ಹೆಚ್ಚಿಸಿದರೆ, ಕರಗದ ಚೀಲಗಳ ಸಂಖ್ಯೆಯೂ ಹೆಚ್ಚಬಹುದು ಎಂದು ವಿವರಿಸುತ್ತೇನೆ.