ಕಾರಿನ ಅಡಿಗೆ ಹೋಗುವ ಮುಂಚೆ ರ‍್ಯಾಂಪ್ ನೋಡಿ ತಗೊಳ್ಳಿ

ಮನೆಯಲ್ಲೇ ಆಯಿಲ್ ಬದಲಾಯಿಸಲು, ಮುಂದಿನ ಚಕ್ರಗಳನ್ನು ಹತ್ತಿಸಿ ಗಾಡಿ ಎತ್ತರಿಸುವ ಇಳಿಜಾರು ಸ್ಟ್ಯಾಂಡ್, ಅಂದರೆ ರ‍್ಯಾಂಪ್ ಕೊಳ್ಳುವವರು ಮೊದಲು ನೋಡಬೇಕಾದ್ದು ಅದು ಎಷ್ಟು ತೂಕ ತಡೆಯುತ್ತದೆ ಅಂತ ಬರೆದಿರುವುದು. 2 ಟನ್ ಅಂತ ಇದ್ದರೆ ಅದು ಒಂದಕ್ಕೋ, ಜೋಡಿಗೋ? ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಬಿಟ್ಟುಬಿಡಿ. ಸ್ವಿಫ್ಟ್ ಸುಮಾರು 900 ಕೆಜಿ, ಇನೋವಾ ಕ್ರಿಸ್ಟಾ ಹೆಚ್ಚುಕಮ್ಮಿ ಅದರ ಎರಡರಷ್ಟು. ಎಂಜಿನ್ ಮುಂದಿರುವ ಇಂಥ ಗಾಡಿಗಳಲ್ಲಿ ಮುಂದಿನ ಚಕ್ರಗಳ ಮೇಲೇ ಭಾರ ಜಾಸ್ತಿ.

ಟೈರ್ ಪೂರ್ತಿ ಒಳಗೆ ಕೂರುವಷ್ಟು ಅಗಲ ಬೇಕು. ತುದಿಯಲ್ಲಿ ಚಕ್ರ ತಡೆಯುವ ಉಬ್ಬು ಇರಲೇಬೇಕು. ಬಂಪರ್ ತಗ್ಗಿದ್ದರೆ ಉದ್ದನೆಯ ರ‍್ಯಾಂಪ್ ತಗೊಳ್ಳಿ, ಇಲ್ಲಾಂದ್ರೆ ಚಕ್ರ ಹತ್ತುವ ಮುಂಚೆಯೇ ಬಂಪರ್ ತಾಗುತ್ತದೆ.

ನಮ್ಮ ಕಡೆ ದೊಡ್ಡ ತಲೆನೋವು ನೆಲ. ಪೋರ್ಟಿಕೋಗೆ ನುಣುಪಾದ ಟೈಲ್ಸ್, ಗ್ರಾನೈಟ್ ಹಾಕಿಸಿರುತ್ತೇವೆ ಅಲ್ವಾ? ಚಕ್ರ ಒತ್ತಿದ ಕೂಡಲೇ ರ‍್ಯಾಂಪ್ ಮುಂದಕ್ಕೆ ಜಾರುತ್ತದೆ. ಅಡಿಯಲ್ಲಿ ರಬ್ಬರ್ ಇರುವುದನ್ನು ಕೊಂಡು, ಮಟ್ಟವಾದ ಒರಟು ಕಾಂಕ್ರೀಟ್ ಮೇಲೆ ಇಡಿ. ಮಣ್ಣಿನ ಅಂಗಳವಂತೂ ಬೇಡ.

ಹತ್ತಿಸುವಾಗ ಒಬ್ಬರು ಪಕ್ಕದಲ್ಲಿ ನಿಂತು ನೋಡಲಿ, ಎದುರಿಗೆ ಮಾತ್ರ ನಿಲ್ಲಬಾರದು. ಮೇಲೆ ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ. ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ದಪ್ಪ ಮರದ ತುಂಡು ಒತ್ತಿಡಿ. ಗಾಡಿ ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ಅಡಿಗೆ ಹೋಗಿ.

ಕಾಸು ಉಳಿಯುತ್ತೆ ಅಂತ ಸುಮ್ನೆ ಇಟ್ಟಿಗೆ, ಹಾಲೋ ಬ್ಲಾಕ್ ಇಡಬೇಡಿ. ಅವು ಹೇಳದೆ ಕೇಳದೆ ಪುಡಿಯಾಗುತ್ತವೆ. ಡಿಕ್ಕಿಯಲ್ಲಿರುವ ಜಾಕ್ ಟೈರ್ ಬದಲಿಸಲು ಮಾತ್ರ, ಅದನ್ನು ನಂಬಿ ಅಡಿಗೆ ನುಗ್ಗಬೇಡಿ. ಚಕ್ರ ಬಿಚ್ಚುವ ಕೆಲಸವಿದ್ದರೆ ರ‍್ಯಾಂಪ್ ಉಪಯೋಗಕ್ಕೆ ಬರಲ್ಲ, ಜಾಕ್‌ನಿಂದ ಎತ್ತಿದ ಗಾಡಿಗೆ ಅಡಿಯಲ್ಲಿ ಆಸರೆಯಾಗಿ ಇಡುವ ಜಾಕ್ ಸ್ಟ್ಯಾಂಡ್ ಬೇಕು.